ಡ್ರಮ್ ಸ್ಟ್ಯಾಂಡಿನ ಪೈಪು

ಗೆಳೆಯರೇ, ಇವತ್ತು ನಾನು ಕಳ್ಳನಾದೆ.

ಆರ್ಕೆಸ್ಟ್ರಾದಲ್ಲಿ ನಾನು ಬಾರಿಸುವ ಎಲೆಕ್ಟ್ರಾನಿಕ್ ಡ್ರಮ್ಮಿನ ಸ್ಟ್ಯಾಂಡಿನಲ್ಲಿ ಇನ್ನೆರಡು ಪ್ಯಾಡಿಗೆ ಜಾಗವಿರಲಿಲ್ಲ. ಕಿಕ್ಕೇರಿಯ ಗುಜರಿಯಿಂದ ಹಳೇ ಪೈಪು ತಂದು, ಜಗಲಿಯ ಮೇಲೆ ಕೂತು ಕೊಯ್ದು ಜೋಡಿಸುತ್ತಿದ್ದೆ. ನಮ್ಮ ಬೀದಿಯ ಬೋರಿನ ಪೈಪು ನಿನ್ನೆಯಷ್ಟೇ ಕಳುವಾಗಿತ್ತು. ಎದುರುಮನೆಯ ಪುಟ್ಟಸ್ವಾಮಣ್ಣ ಬಂದು ನಿಂತರು.

“ಏನ್ಲಾ ಅದು?”

“ಡ್ರಮ್ಮಿಗೆ ಸ್ಟ್ಯಾಂಡು ಕಣಣ್ಣ.”

“ಡ್ರಮ್ ಎಲ್ಲೈತೆ?”

ಕಪ್ಪು ರಬ್ಬರಿನ ಪ್ಯಾಡು ತೋರಿಸಿದೆ. “ಬಾರ್ಸು, ನೋಡಾನ” ಎಂದರು. ಕರೆಂಟಿರಲಿಲ್ಲ. ಕಡ್ಡಿಯಲ್ಲಿ ಹೊಡೆದರೆ ಬರೀ ಟಪ್ ಟಪ್.

“ಸದ್ದೇ ಬರ್ದಿರೋ ಡ್ರಮ್ಮಿಗೆ ಸ್ಟ್ಯಾಂಡ್ ಬ್ಯಾರೆ ಕೇಡು! ನಡಿ, ಬೋರ್ ತಾವ್ಕೆ.”

ಬೀದಿಯವರೆಲ್ಲ ನೋಡುತ್ತಿದ್ದಂತೆ ನನ್ನ ಪೈಪನ್ನು ಬೋರಿನ ಬಾಯಿಗೆ ಹಿಡಿದು ನೋಡಿದರು. ನನ್ನ ಪೈಪು ಅದರ ಅರ್ಧದಷ್ಟೂ ದಪ್ಪವಿರಲಿಲ್ಲ. ನಾಚಿಕೆ, ಸಿಟ್ಟು ಎರಡೂ ಬಂದು, ಪೈಪು ಕಿತ್ತುಕೊಂಡು ಮನೆಗೆ ನಡೆದೆ. ಅವರೂ ಹಿಂದೆಯೇ ಬಂದರು.

ಅಷ್ಟರಲ್ಲಿ ಕರೆಂಟು ಬಂತು. ಅದೇ ಪೈಪನ್ನು ಸ್ಟ್ಯಾಂಡಿಗೆ ಜೋಡಿಸಿ, ಪ್ಯಾಡು ಸಿಕ್ಕಿಸಿ ಜೋರಾಗಿ ಒಂದೇಟು ಕೊಟ್ಟೆ. ಸ್ಪೀಕರಿನಿಂದ ತಮಟೆ ಸದ್ದು ಹೊರಟು ಪುಟ್ಟಸ್ವಾಮಣ್ಣ ಬೆಚ್ಚಿಬಿದ್ದರು. ಆಮೇಲೆ ಸ್ಪೀಕರಿನ ಹಿಂದೆ ಬಗ್ಗಿ ನೋಡಿ, “ಕ್ಯಾಸೆಟ್ ಎಲ್ಲಿಟ್ಟಿದ್ದೀಯ, ತಗಿಲಾ” ಎಂದರು.

ಕಳ್ಳ ಅನ್ನೋದು ಹೋಯಿತು, ಮೋಸಗಾರ ಅನ್ನೋದು ಅಂಟಿಕೊಂಡಿತು. ಶನಿವಾರ ನಮ್ಮ ಆರ್ಕೆಸ್ಟ್ರಾ ಇರುವ ಮದುವೆಯಲ್ಲಿ ನನ್ನನ್ನು ಹಿಡಿಯಲೆಂದೇ ಅವರು ಮುಂದಿನ ಸಾಲಲ್ಲಿ ಕೂರುತ್ತಾರಂತೆ.