ಕೈ ಮಾಡಿದ್ರು

ಹನುಮಂತಪ್ಪನವರೇ, ನೀವು ನನಗೆ ಹೊಡೆದಿರಲಿಲ್ಲ. ಹೊಡೆದಿರೆಂದು ಗಂಗಾವತಿ ಕೋರ್ಟಿನಲ್ಲಿ ಒಪ್ಪಿ, ನಿಮ್ಮ ಹೋಂಗಾರ್ಡ್ ಕೆಲಸ ಕಳೆದವನು ನಾನೇ. ಅದೂ ಯಾತಕ್ಕೆ? ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ ಒಂದು ದಂಡ ತಪ್ಪಿಸಿಕೊಳ್ಳಲಿಕ್ಕೆ! ಥೂ, ನನ್ನ ಜನ್ಮಕ್ಕಿಷ್ಟು.

ಆ ದಿನ ಶಾಲೆ ಬಿಟ್ಟು ಬರುವಾಗ, ಸರ್ಕಲ್‌ನಲ್ಲಿ ನೀವು ಕೈಯೆತ್ತಿದ್ದನ್ನು ಕಂಡೆ. ಕಂಡೇ ಗಾಡಿಗೆ ರೇಸ್ ಕೊಟ್ಟೆ. ಮುಂದೆ ನಿಂತಿದ್ದ ಪೊಲೀಸ್ ಸಾಹೇಬರು ಹಿಡಿದು ಚೀಟಿ ಹರಿದುಕೊಟ್ಟರು. ಕಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಶಾಲೆಯ ಹುಡುಗರು ರಸ್ತೆ ಬದಿ ನಿಂತು ಕಿಸಕ್ಕನೆ ನಕ್ಕಿದ್ದರು — ಕನ್ನಡ ಮಾಸ್ತರಿಗೇ ದಂಡ ಬಿತ್ತೆಂದು. ನನಗೋ ಸೊಕ್ಕು. "ಕೋರ್ಟಿನ್ಯಾಗ ನೋಡ್ಕೊಂತೀನಿ ತಗೋರಿ" ಅಂದು ಬಂದೆ. ಹೆಲ್ಮೆಟ್ ತಲೆಯ ಮೇಲೇ ಇತ್ತು, ನಿಲ್ಲೆಂದು ಯಾರೂ ಹೇಳಲೇ ಇಲ್ಲ ಎಂದು ತಕರಾರು ತೆಗೆದೆ. ಎರಡೂ ಸುಳ್ಳು.

ನ್ಯಾಯಾಧೀಶರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಸಾಕ್ಷಿ ಹೇಳಲು ನೀವು ಕಟಕಟೆ ಹತ್ತಿದಿರಿ.

"ನಾ ಕೈ ಮಾಡಿದ್ನಿರಿ ಸಾಹೇಬ್ರ. ಮಾಸ್ತರು ನಿಲ್ಲಸ್ಲಿಲ್ರಿ."

"ಕೈ ಮಾಡಿದ್ರಾ? ಯಾಕ್ರೀ?"

"ನಿಲ್ಲಲಾರದವ್ರಿಗೆ ಕೈ ಮಾಡಬೇಕಲ್ರಿ ಮತ್ತ!"

ನಮ್ಮಲ್ಲಿ ಬಸ್ಸಿಗೆ ಕೈ ಮಾಡುವುದೆಂದರೆ ಕೈಯೆತ್ತಿ ನಿಲ್ಲಿಸುವುದು. ಮೈಸೂರು ಕಡೆಯ ನ್ಯಾಯಾಧೀಶರ ಕಿವಿಗೆ ಅದು ಹೊಡೆದದ್ದಾಗಿ ಕೇಳಿಸಿತು. ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ ಕೇಳಿದರು — "ಇವರು ನಿಮ್ಮ ಮೇಲೆ ಕೈ ಮಾಡಿದ್ದು ನಿಜವಾ?"

ದಿನಾ ಮಕ್ಕಳಿಗೆ ಮಾತಿನ ಅರ್ಥ ಬಿಡಿಸಿ ಹೇಳುವವನು ನಾನು. ಆ ಕೋಣೆಯಲ್ಲಿ ಆ ಎರಡೂ ಅರ್ಥ ಒಟ್ಟಿಗೆ ಹೊಳೆದದ್ದು ಬಹುಶಃ ನನಗೊಬ್ಬನಿಗೇ. ತಿದ್ದಬಹುದಿತ್ತು. ಒಂದು ಉಸಿರಿನಷ್ಟು ಹೊತ್ತಿತ್ತು — ಆ ಉಸಿರು ಈಗಲೂ ಎದೆಯಲ್ಲಿ ಸಿಕ್ಕಿಕೊಂಡಿದೆ.

"ಹೌದ್ರಿ ಸಾಹೇಬ್ರ" ಅಂದೆ. "ಕೈ ಮಾಡಿದ್ರು."

ನೀವು ತಲೆಯಾಡಿಸಿದಿರಿ, ಮಾಸ್ತರು ನಿಜ ಒಪ್ಪಿಕೊಂಡರೆಂದು. ಅಯ್ಯೋ, ಆ ನಿಮ್ಮ ಮುಖ! ಹೊಡೆದವರ ಸಾಕ್ಷಿ ನಂಬುವಂತಿಲ್ಲವೆಂದು ನನ್ನ ಮೇಲಿನ ಕೇಸು ವಜಾ ಆಯಿತು. ನಿಮ್ಮ ಮೇಲೆ ವಿಚಾರಣೆಗೆ ಬರೆದರು, ಮುಂದಿನ ವಾರದಿಂದ ನಿಮ್ಮನ್ನು ಡ್ಯೂಟಿಗೆ ಕರೆಯಲಿಲ್ಲ.

ಅಂದಿನಿಂದ ಹಾದಿಯಲ್ಲಿ ಯಾರು ಕೈಯೆತ್ತಿದರೂ ನನ್ನ ಕಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಅವರು ಹಿಂದೆ ಬರುವ ಬಸ್ಸಿಗೆ ಕೈ ಮಾಡಿರುತ್ತಾರೆ. ನಾನು ಬೆವೆತು ನಿಂತಿರುತ್ತೇನೆ. ಹೆಂಡತಿ ಕೇಳಿದರೆ ಬಿಸಿಲು ಅನ್ನುತ್ತೇನೆ.

ಹೋದ ತಿಂಗಳು ವಿದ್ಯಾರ್ಥಿಯೊಬ್ಬನ ತಂದೆಯನ್ನು ಕಾಣಲು ಗಿಣಿಗೇರಾದ ಒಂದು ಕಾರ್ಖಾನೆಗೆ ಬಂದಿದ್ದೆ. ಗೇಟಿನಲ್ಲಿ ನೀವು, ವಾಚ್‌ಮನ್ ಅಂಗಿಯಲ್ಲಿ. ಬೈಯುತ್ತೀರೆಂದುಕೊಂಡೆ, ಬೈದಿದ್ದರೆ ಛಲೋ ಇತ್ತು. ನೀವು ಚಹಾ ತರಿಸಿದಿರಿ. ಆಮೇಲೆ ತಲೆ ತಗ್ಗಿಸಿ ಅಂದಿರಿ — "ವಿಚಾರಣ್ಯಾಗ ನಾ ನಿಮಗ ಹೊಡದೀನಿ ಅಂದ್ರು, ನನಗ ನೆನಪಾಗವಲ್ದ್ರಿ ಮಾಸ್ತರ. ಆದ್ರ ನಿಮ್ಮಂಥವ್ರು ಸುಳ್ಳ್ಯಾಕ ಹೇಳ್ತೀರಿ? ಸಿಟ್ಟಿನ್ಯಾಗ ಹೊಡದಿರಬೇಕು ನಾನು. ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ."

ಆಗ ನಾನು... ಇದನ್ನು ಬರೆಯಲು ನಾಚಿಕೆಯಾಗುತ್ತದೆ... "ಇರ್ಲಿ ಬಿಡ್ರಿ" ಅಂದೆ. ನಿಮ್ಮನ್ನು ಕ್ಷಮಿಸಿ, ಚಹಾ ಕುಡಿದು ಬಂದೆ.

ಸೋಮವಾರ ಈ ಬರಹವನ್ನು ಕೋರ್ಟಿಗೆ ಕೊಡುತ್ತೇನೆ. ಅದಕ್ಕೂ ಮೊದಲು ನಿಮ್ಮೆದುರು ನಿಂತು ಓದುತ್ತೇನೆ. ಹೋದ ಕೆಲಸ ಕೊಡಿಸಲು ನನ್ನಿಂದಾಗದು. ನಿಮಗೆ ನೆನಪಿಲ್ಲದ್ದು ನಡೆದೇ ಇರಲಿಲ್ಲ ಎಂದಾದರೂ ಹೇಳಬೇಕು.