ಬಾರದ ನೆಂಟರಿಗೆ ಹಾಕಿದ ಎಲೆ

ಆಫೀಸಿನ ಬೀರು ಖಾಲಿ ಮಾಡುವಾಗ ಹಳೆಯ ಫೈಲಿನಿಂದ ಒಂದು ಪ್ರಿಂಟ್ ಹಾಳೆ ಜಾರಿ ಬಿತ್ತು. ತುಂಬ ಇಂಗ್ಲಿಷ್ ಸಾಲುಗಳು. ಮೂರರ ಕೆಳಗೆ ಮಾತ್ರ ಕೆಂಪು ಗೆರೆ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲಿನ ಗೆರೆ ಅದು, ನಮ್ಮ ಕಾಲೇಜಿನ ಲ್ಯಾಬ್ ಮೇಷ್ಟ್ರದು. ಕುರ್ಚಿ ಎಳೆದುಕೊಂಡು ಕೂತೆ. ಈಚೆಗೆ ದಣಿವು ಹೇಳದೆ ಕೇಳದೆ ಬರುತ್ತದೆ...

ನಂಜನಗೂಡಿನ ಕಾಲೇಜಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು ಅವರು. ಆಮೇಲೆ ನಾನು ತಿ. ನರಸೀಪುರದ ಈ ಮಣ್ಣು ಪರೀಕ್ಷೆಯ ಖಾಸಗಿ ಕೇಂದ್ರಕ್ಕೆ ಸೇರಿದೆ. ವರದಿ ತೆಗೆಯಲು, ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ಓಡಿಸುವ ಪ್ರೋಗ್ರಾಂ ಒಂದಿತ್ತು. ಪ್ರತಿ ವರದಿಗೂ ಹೊಸದಾಗಿ ಶುರು ಮಾಡಬೇಕು, ಪ್ರತಿ ಸಲವೂ ಅದು ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿತ್ತು. ಬಿಳಿಗೆರೆ, ಹೆಡತಲೆಯಿಂದ ಬಂದ ರೈತರು ಕಿಟಕಿಯಾಚೆಯಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಿನ್ನ ಕೈಯೇ ನಿಧಾನ, ತಿಂಗಳ ಕೊನೆಗೆ ಬೇರೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ ಎಂದರು ಕೇಂದ್ರದ ಸಾಹೇಬರು. ತಪ್ಪು ಕಂಪ್ಯೂಟರಿನದು ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು.

ಕೊನೆಗೆ ಮೇಷ್ಟ್ರಿಗೆ ಫೋನ್ ಮಾಡಿ ಅತ್ತೆ. ಆಗಲೇ ನಿವೃತ್ತರಾಗಿದ್ದರು, ಮಂಡಿನೋವು ಬೇರೆ. ಆದರೂ ಮಾರನೆಯ ದಿನ ಬಸ್ಸು ಹತ್ತಿ ಬಂದರು. ವೈರಸ್ಸೋ, ಮೆಮೊರಿ ಸಾಲದೋ ಎಂಬ ನನ್ನ ಊಹೆಗಳನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪ್ರೋಗ್ರಾಂ ಶುರುವಾಗುವಾಗ ಸಿಸ್ಟಮ್ಮನ್ನು ಏನೇನು ಕೇಳುತ್ತದೆ, ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿಡುವ ಬೇರೊಂದು ಆಜ್ಞೆ ಕೊಟ್ಟು, ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಸಾಲು ಸಾಲೇ ಓದಿದರು. ಆ ಫೈಲು ತೆರೆ, ಈ ಫೈಲು ಓದು... ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿದ್ದವು. ಮೂರು ಸಾಲಿನಲ್ಲಿ ಮಾತ್ರ ಹತ್ತು ಹತ್ತು ಸೆಕೆಂಡು. ಪ್ರೋಗ್ರಾಂ ಪಕ್ಕದ ಕೋಣೆಯ ಹಳೆಯ ಕಂಪ್ಯೂಟರನ್ನು ಮೂರು ಸಲ ಕರೆದು, ಉತ್ತರಕ್ಕೆ ಕಾದು, ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ಆ ಕಂಪ್ಯೂಟರ್ ಗುಜರಿಗೆ ಹೋಗಿ ವರ್ಷವಾಗಿತ್ತು.

"ಬರ್ದೇ ಇರೋ ನೆಂಟ್ರಿಗೆ ಎಲೆ ಆಕ್ಬುಟ್ಟು ಕಾಯ್ತಾ ಕುಂತದೆ ಕಣವ್ವ," ಎಂದರು. "ನಿನ್ ಕೈ ನಿಧಾನ ಅಲ್ಲ."

ಆ ಒಂದು ಮಾತಿಗಾಗಿ ಎಷ್ಟು ದಿನ ಕಾದಿದ್ದೆನೋ, ಅಳು ಬಂತು. ಸೆಟ್ಟಿಂಗಿನಲ್ಲಿ ಆ ಹಳೆಯ ಕಂಪ್ಯೂಟರಿನ ಹೆಸರಿದ್ದ ಸಾಲು ಅಳಿಸಿದೆವು. ಪ್ರೋಗ್ರಾಂ ತಟ್ಟನೆ ಶುರುವಾಯಿತು.

ಮೇಷ್ಟ್ರು ನೀರು ಕುಡಿಯಲು ಹೊರಗೆ ಹೋದರು. ಅಷ್ಟರಲ್ಲಿ ಸಾಹೇಬರು ಬಂದು ನೋಡಿ, ಯಾರು ಸರಿ ಮಾಡಿದ್ದು ಎಂದು ಕೇಳಿದರು.

"ನಾನೇ ಸಾ," ಎಂದೆ.

ಕೆಲಸ ಹೋಗುವ ಭಯ ಹಾಗೆ ಹೇಳಿಸಿತು. ಬಾಗಿಲು ತೆರೆದೇ ಇತ್ತು. ಹೊರಗೆ ಬಂದರೆ ಮೇಷ್ಟ್ರು ಚೀಲ ಹೆಗಲಿಗೇರಿಸಿ ನಿಂತಿದ್ದರು. ಊಟ ಮಾಡಿಕೊಂಡು ಹೋಗಿ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದರು. ಸಂಜೆಯವರೆಗೂ ಬಸ್ಸಿಗೆ ಬರವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಫೋನ್ ಮಾಡಿ ತಪ್ಪೊಪ್ಪಿಕೊಳ್ಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು... ಅವರು ತೀರಿಕೊಂಡ ಸುದ್ದಿ ತಿಥಿ ಮುಗಿದ ಮೇಲೆ ಬಂತು. ಈಗ ಸಾಹೇಬರ ಕುರ್ಚಿಯಲ್ಲಿ ನಾನೇ ಕೂರುತ್ತೇನೆ.

ಹಾಳೆ ನೋಡಿ, ಜೊತೆಗೆ ಬೀರು ಖಾಲಿ ಮಾಡುತ್ತಿದ್ದ ಆಫೀಸಿನ ಹುಡುಗಿ, ಇದು ಯಾರು ಹಾಕಿದ ಗೆರೆ ಮೇಡಂ ಎಂದಳು.

"ನಮ್ ಮೇಷ್ಟ್ರು. ಆ ಪ್ರೋಗ್ರಾಂ ಸರಿ ಮಾಡಿದ್ದು ಅವ್ರೇ, ನಾನಲ್ಲ."

"ಯಾವ ಪ್ರೋಗ್ರಾಂ ಮೇಡಂ?"

ಅದೂ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು.