ನಂಬರು ಬಿಟ್ಟ ಮೇಸ್ತ್ರಿ

ಮಾದರಿಯೊಂದರ ಮುಂದೆ ಬಗ್ಗಿದರೆ ಮೇಸ್ತ್ರಿಯವರ ಕುತ್ತಿಗೆಯಲ್ಲಿ ‘ಟಕ್’ ಎಂದು ಸದ್ದಾಗುತ್ತಿತ್ತು. ಎಡಗಣ್ಣು ಮುಚ್ಚಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದರು. ಹುಬ್ಬಳ್ಳಿಯಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ಅಪ್ಪನ ಕೆಮ್ಮು, ಸ್ವಾಮಿಗಳ ಆಕಳಿಕೆ, ಕನ್ನಡಿಯ ಮುಂದೆ ನಿಂತರೆ ನನ್ನದೇ ಗೂಬೆ ಮೋರೆ. ಆ ‘ಟಕ್’ ಮಾತ್ರ ನನ್ನ ಕುತ್ತಿಗೆಯಿಂದ ಹೊರಡಲೇ ಇಲ್ಲ.

ಅವರು ನಮ್ಮ ಓಣಿಯವರು, ರೈಲ್ವೆ ವರ್ಕ್‌ಶಾಪಿನಲ್ಲಿ ರೈಲು ಡಬ್ಬಿ ಕಟ್ಟುವ ಬಡಿಗರು. ದಸರೆಯ ರಜೆಯಲ್ಲಿ ಸಾಲೆಯ ಪಡಸಾಲೆಯಲ್ಲಿ ಒಂದು ಪ್ರದರ್ಶನ ನಡೆಯುತ್ತಿತ್ತು. ದುಡಿದು ಬಂದವರು ಬಿಡುವಿನಲ್ಲಿ ಬರೀ ಖುಷಿಗೆಂದು ಮಾಡಿದ ಪುಟ್ಟ ಎಂಜಿನ್, ಗಾಣ, ಮಗ್ಗಗಳು ಅಲ್ಲಿ ಮೇಜು ಏರುತ್ತಿದ್ದವು. ನಂಬರು ಹಾಕುವವರು ಮೇಸ್ತ್ರಿ. ತೀರ್ಪಿನ ರಾಗ ಯಾವಾಗಲೂ ಒಂದೇ: “ಛಲೋ ಆಗೇತಿ. ಆದ್ರ…” ಆ ‘ಆದ್ರ’ ಬರುವ ತನಕ ಮಾಡಿದವನು ಉಸಿರು ಬಿಡುತ್ತಿರಲಿಲ್ಲ.

ಒಂದು ವರ್ಷ, ಹರೆಯದಲ್ಲಿ ಬೇರೆ ಊರಲ್ಲಿ ಟಾಂಗಾ ಹೊಡೆಯುತ್ತಿದ್ದ ಚಾಚಾ ಅಂಗೈಯಗಲದ ಟಾಂಗಾ ತಂದರು. ಇಬ್ಬರೂ ಹಳೆಯ ಗೆಳೆಯರು; ದಿನಾ ಸಂಜೆ ಚಹಾದಂಗಡಿಯ ಒಂದೇ ಬಾಕಿನ ಮೇಲೆ ಕೂತು, ‘ಲೇ’ ‘ಲೇ’ ಎಂದು ಬೈದಾಡುತ್ತ ಚಹಾ ಕುಡಿಯುವವರು. ಮೇಸ್ತ್ರಿ ಬಗ್ಗಿದರು, ಟಕ್. “ಛಲೋ ಆಗೇತಿ. ಆದ್ರ ಗಾಡಿಗಿ ಕುದುರಿ ಸಣ್ಣದಾತು.” ಎರಡನೇ ನಂಬರು. ಮುಂದಿನ ಮೇಜಿಗೆ ಹೊರಟೇಬಿಟ್ಟರು. ಚಾಚಾ ಮೆಲ್ಲಗೆ ಅಂದದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು: “ನನ್ನ ಕುದುರಿ ಅಷ್ಟ ಇತ್ರೀ.”

ಮರುದಿನದಿಂದ ಬಾಕಿನ ಮೇಲೆ ಮೇಸ್ತ್ರಿ ಒಬ್ಬರೇ.

ಕೆಲವು ತಿಂಗಳ ಮೇಲೆ ಅದೇ ಚಹಾದಂಗಡಿಯಲ್ಲಿ ಮೇಸ್ತ್ರಿ ನನ್ನನ್ನು ಹಿಡಿದರು. “ಏ ಮಂಗ್ಯಾ, ಊರತುಂಬ ನನ್ನ ಆಡಿಕೋತ ಹೊಂಟೀಯಂತ. ನನ್ನ ಮುಂದ ಒಂದ ಸಲ ಮಾಡಲೇ, ನೋಡೋಣು.”

ಮಾಡಿದೆ. ಅಂಗಡಿಯೇ ನಕ್ಕಿತು, ಅವರೂ ನಕ್ಕರು. ಹುರುಪಿನಲ್ಲಿ ಟಾಂಗಾದ ತೀರ್ಪನ್ನೂ ಆಡಿದೆ. ಅದರ ಬೆನ್ನಿಗೇ ಚಾಚಾನ ದನಿಯಲ್ಲಿ ಆ ‘ಅಷ್ಟ ಇತ್ರೀ’ ತಾನಾಗಿ ಬಾಯಿಗೆ ಬಂತು.

ಮೇಸ್ತ್ರಿಯವರ ನಗು ನಿಂತಿತು. “‘ರೀ’ ಅಂದ್ನಾ? ನನಗ?”

“ಹೌದ್ರಿ.”

ಕೈಯಲ್ಲಿದ್ದ ಚಹಾ ಹಾಗೇ ಆರಿತು.

ಮುಂದಿನ ದಸರೆಗೆ ಅವರು ಪ್ರದರ್ಶನ ನಡೆಸುವ ಪಂಚರ ಮುಂದೆ ಹೇಳಿದ್ದು ಇಷ್ಟೇ: ನಂಬರು ಬೇಡ, ಎಲ್ಲರೂ ಇಡೋಣ, ಎಲ್ಲರೂ ನೋಡೋಣ. “ನಂಬರ ಇಲ್ಲಂದ್ರ ಯಾವ ಮಗಾ ಬರ್ತಾನ್ರಿ?” ಎಂದರು ಅವರಲ್ಲೊಬ್ಬರಾದ ಅರಳೆ ಸಾವಕಾರರು. “ನನಗ ಒಬ್ಬಾಂವ ಬಂದ್ರ ಸಾಕ್ರಿ” ಎಂದರು ಮೇಸ್ತ್ರಿ.

ಆ ಒಬ್ಬರ ಮನೆಗೆ ನನ್ನನ್ನೂ ಕರೆದೊಯ್ದರು. ಚಾಚಾ ಹೊಸ್ತಿಲಲ್ಲೇ ನಿಂತು ಚುಚ್ಚಿದರು: “ನಮ್ಮ ಕುದುರಿ ಸಣ್ಣದೈತ್ರಿ, ಮೇಸ್ತ್ರಿ.”

“ಅದರ ಹೆಸರೇನಿತ್ತೋ?”

ಚಾಚಾ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದರು. “ಬಿಜಲಿ.”

“ಮಿಂಚಿನಂಗ ಓಡ್ತಿತ್ತೇನು?”

“ಎಲ್ಲೀದು! ಅಗಸರ ಕತ್ತಿಗೋಳು ಸೈತ ಅದನ್ನ ಹಿಂದ ಹಾಕಿ ಹೋಗ್ತಿದ್ದವು” ಎಂದು ನಗಲು ಹೋಗಿ, ಕಣ್ಣೊರೆಸಿಕೊಂಡರು.

ಆ ವರ್ಷ ಮಂದಿ ಕಡಿಮೆಯೇ ಬಂದರು. ಮೇಸ್ತ್ರಿ ಮೊದಲ ಸಲ ತಮ್ಮದೊಂದು ಮಾದರಿಯನ್ನು ಮೇಜಿಗಿಟ್ಟರು: ಮೂರನೇ ದರ್ಜೆಯ ರೈಲು ಡಬ್ಬಿ, ಅರ್ಧ ಆದದ್ದು. ಅದರ ಹಿಂದೆ ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಬೆವರುತ್ತ ಕೂತರು. ಚಾಚಾ ಬಂದರು. ಟಾಂಗಾ ಅದರ ಪಕ್ಕಕ್ಕಿಟ್ಟು, ಡಬ್ಬಿಯೊಳಗೆ ಇಣುಕಿದರು.

“ಯಾವಾಗಿಂದ ಮಾಡಾಕತ್ತೀಲೇ ಇದನ್ನ?”

ಆ ‘ಲೇ’ ಕೇಳಿ ಮೇಸ್ತ್ರಿ ಸರಿದು, ಚಾಚಾನಿಗೆ ಪಕ್ಕದಲ್ಲಿ ಜಾಗ ಬಿಟ್ಟರು. “ಹರೇದ ವಯಸ್ಸಿನ್ಯಾಗ ಹಿಡಿದಿದ್ದೆ. ಮಂದೀದಕ್ಕ ನಂಬರ ಹಾಕಾಕ ಹತ್ತಿದ ಮ್ಯಾಲ ಕೈ ಹಚ್ಚಲೇ ಇಲ್ಲ.”

ಸೀಮೆಎಣ್ಣೆಗೆ ರೇಶನ್ ಚೀಟಿ ಬಂದ ವರ್ಷ, ಮಳೆಗಾಲದಲ್ಲಿ ಜ್ವರ ಬಂದು ಮೇಸ್ತ್ರಿ ತೀರಿಕೊಂಡರು. ಡಬ್ಬಿಗೆ ಒಂದು ಬದಿಯ ಬಾಗಿಲುಗಳನ್ನು ಕೂರಿಸುವುದಷ್ಟೇ ಉಳಿದಿತ್ತು. ಪೂರ್ತಿ ಮಾಡಿಕೊಡಿರೆಂದು ಅವರ ಮಗ ಚಾಚಾನ ಮುಂದಿಟ್ಟ. ಚಾಚಾ ಒಳಗಿನ ಬಾಕುಗಳನ್ನು ಬೆರಳ ತುದಿಯಿಂದ ಸವರಿದರು.

“ಬ್ಯಾಡೋ ತಮ್ಮಾ. ಅವನ ಕೈ ಇಲ್ಲೀತನಕ ಬಂದಿತ್ತು. ಇಲ್ಲೇ ಇರ್ಲಿ.”

ಈಗಲೂ ದಸರೆಗೆ ಅದನ್ನು ಹಾಗೆಯೇ ಇಡುತ್ತೇವೆ. ನೋಡಲು ಬಂದವರು ಬಾಗಿಲೆಲ್ಲಿ ಎಂದು ಕೇಳಿದರೆ ಹೇಳುವವನು ನಾನು. ಆಗ ಮಾತ್ರ ಯಾರ ದನಿಯನ್ನೂ ಎರವಲು ತರುವುದಿಲ್ಲ.